ರಿಪೋರ್ಟ್ ನಾರ್ಮಲ್ ಬಂದರೂ ಕುತ್ತಿಗೆ ತೋರಿಸಿ

ಕುತ್ತಿಗೆಯ ಮುಂಭಾಗ ಊದಿಕೊಂಡು ವರ್ಷಗಳೇ ಕಳೆದರೂ ಸೆರಗು ಮುಚ್ಚಿಕೊಂಡು ದಿನ ದೂಡುವವರು ನಮ್ಮ ನಡುವೆ ಇದ್ದಾರೆ. ಅವರಲ್ಲಿ ಹೆಂಗಸರೇ ಹೆಚ್ಚು. ವೈದ್ಯರ ಬಳಿ ಹೋದವರಲ್ಲೂ ಅನೇಕರು ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಸರಿಯಿದೆ ಎಂದು ಗೊತ್ತಾದ ಮೇಲೆ ಅಲ್ಲಿಗೇ ಬಿಟ್ಟುಬಿಡುತ್ತಾರೆ. ‘ರಿಪೋರ್ಟ್ ನಾರ್ಮಲ್ ಇದೆಯಲ್ಲ, ಮತ್ತೇನು?’ ಎಂದು ಮನೆಯವರೂ ಸುಮ್ಮನಾಗಿಸುತ್ತಾರೆ. ದಯವಿಟ್ಟು ಈ ಮಾತನ್ನು ಕೈಬಿಡೋಣ. ಥೈರಾಯ್ಡ್ ಗ್ರಂಥಿ ಹಾರ್ಮೋನನ್ನು ಹದವಾಗಿ ಸ್ರವಿಸುತ್ತಿದೆಯೇ ಎಂಬುದನ್ನಷ್ಟೇ ಆ ಪರೀಕ್ಷೆ ಹೇಳುತ್ತದೆ. ಗ್ರಂಥಿ ಎಷ್ಟು ಬೆಳೆದಿದೆ, ಏನನ್ನು ಅದುಮುತ್ತಿದೆ ಎಂಬುದು ರಕ್ತದಲ್ಲಿ ಕಾಣುವುದಿಲ್ಲ.

ಸುಮಾರು 20 ಗ್ರಾಂ ತೂಗುವ ಈ ಗ್ರಂಥಿ ಶ್ವಾಸನಾಳಕ್ಕೆ ಅಂಟಿಕೊಂಡೇ ಇರುತ್ತದೆ. ಅದರ ಹಿಂದೆ ಅನ್ನನಾಳ, ಪಕ್ಕದಲ್ಲಿ ಧ್ವನಿಪೆಟ್ಟಿಗೆಗೆ ಹೋಗುವ ನರ. ಗ್ರಂಥಿ ದೊಡ್ಡದಾದರೆ ಒತ್ತಡ ಬೀಳುವುದು ಇವುಗಳ ಮೇಲೆಯೇ. ಒಣ ರೊಟ್ಟಿಯ ತುಂಡೋ ಮಾತ್ರೆಯೋ ಗಂಟಲಲ್ಲಿ ನಿಂತಂತಾಗುತ್ತದೆ. ಅಂಗಾತ ಮಲಗಿದರೆ ಉಸಿರು ಕಟ್ಟುವುದರಿಂದ ದಿಂಬಿನ ಮೇಲೆ ದಿಂಬು ಬೇಕಾಗುತ್ತದೆ. ಒಣಕೆಮ್ಮು ಬಿಡುವುದಿಲ್ಲ, ದನಿ ಒಡೆಯುತ್ತದೆ. ಕೆಲವರಲ್ಲಿ ಗ್ರಂಥಿ ಎದೆಮೂಳೆಯ ಹಿಂದಕ್ಕೆ ಇಳಿದಿರುತ್ತದೆ. ಹೊರಗೆ ಊತ ಅಷ್ಟಾಗಿ ಕಾಣದು. ತಂತಿಗೆ ಬಟ್ಟೆ ಹಾಕಲು ಎರಡೂ ಕೈ ಮೇಲೆತ್ತಿದಾಗ ಮುಖ ಕೆಂಪೇರಿ ಉಸಿರು ಸಿಕ್ಕಿಕೊಂಡಂತಾದರೆ ಅದನ್ನು ಸುಸ್ತು ಎಂದು ತಳ್ಳಿಹಾಕಬಾರದು. ಇಂಥ ಉಬ್ಬಸ ಆಸ್ತಮಾ ಎನಿಸಿಕೊಂಡು ವರ್ಷಗಟ್ಟಲೆ ಇನ್‌ಹೇಲರ್‌ನಲ್ಲೇ ಕಳೆದುಹೋಗುವುದೂ ಉಂಟು.

ಅಯೋಡಿನ್ ಉಪ್ಪು ತಿಂದರೆ ಸಾಲದೇ ಎಂದು ಕೇಳುವವರಿದ್ದಾರೆ. ಆ ಉಪ್ಪಿನ ಉಪಕಾರ ದೊಡ್ಡದು. 1956ರಲ್ಲಿ ಕಾಂಗ್ರಾ ಕಣಿವೆಯಲ್ಲಿ ಶುರುವಾದ ಅಧ್ಯಯನ ಅದರ ಫಲವನ್ನು ತೋರಿಸಿಕೊಟ್ಟಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ (ಥೈರಾಯ್ಡ್ ಊತ) ನಿಯಂತ್ರಣ ಕಾರ್ಯಕ್ರಮ ಬಂತು. ಕೊಡಗು, ಚಿಕ್ಕಮಗಳೂರಿನಂಥ ಮಲೆನಾಡಿನ ಜಿಲ್ಲೆಗಳಿಗೆ ಈ ಉಪ್ಪು ಇಂದಿಗೂ ಬೇಕು. ಆದರೆ ಅದು ಕಾಯಿಲೆ ಬಾರದಂತೆ ತಡೆಯುವ ದಾರಿ. ಹಲವು ವರ್ಷಗಳಿಂದ ಗಂಟುಗಂಟಾಗಿ ಬೆಳೆದ ಗ್ರಂಥಿ ಉಪ್ಪಿನಿಂದ ಕರಗುವುದಿಲ್ಲ. ಅಯೋಡಿನ್ ಬೆರೆಸಿದ ಔಷಧವನ್ನು ತಾವಾಗಿಯೇ ಹೆಚ್ಚು ತೆಗೆದುಕೊಂಡರೆ ಅಂಥ ಗ್ರಂಥಿ ಅತಿಯಾಗಿ ಕೆಲಸ ಮಾಡತೊಡಗಿ ಎದೆಬಡಿತ ಏರುವ ಅಪಾಯವೂ ಇದೆ.

ಹೆಚ್ಚಿನವರನ್ನು ವೈದ್ಯರ ಬಳಿ ಹೋಗದಂತೆ ತಡೆಯುವುದು ಭಯ: ಆಪರೇಷನ್ ಮಾಡುತ್ತಾರೆ, ದನಿ ಹೋಗುತ್ತದೆ, ಕ್ಯಾನ್ಸರ್ ಎನ್ನುತ್ತಾರೆ. ಇದು ಆಧಾರವಿಲ್ಲದ ಭಯವಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಯ ನರಕ್ಕೆ ಪೆಟ್ಟಾಗುವ ಸಾಧ್ಯತೆ ಇದ್ದೇ ಇದೆ. ಆದರೆ ನುರಿತ ಕೈಯಲ್ಲಿ ಶಾಶ್ವತ ಹಾನಿ ಅಪರೂಪ. ಥೈರಾಯ್ಡ್ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ, ಅನೇಕರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುವುದಿಲ್ಲ. ಕುತ್ತಿಗೆಯ ಅಲ್ಟ್ರಾಸೌಂಡ್ ಮಾಡಿಸಿ, ಅಗತ್ಯವಿದ್ದರೆ ಸೂಜಿ ಪರೀಕ್ಷೆ ಮಾಡಿಸಿ, ಕಾಲಕಾಲಕ್ಕೆ ನೋಡಿಕೊಂಡರೆ ಸಾಕಾಗುತ್ತದೆ. ಆದರೆ ಊತ ಬೇಗಬೇಗ ಬೆಳೆದರೆ, ಗಟ್ಟಿಯಾದರೆ, ದನಿ ಒಡೆದದ್ದು ಸರಿಹೋಗದಿದ್ದರೆ ತಡಮಾಡಬೇಡಿ. ಉಸಿರೆಳೆಯುವಾಗ ಸಿಳ್ಳೆಯಂಥ ಸದ್ದು ಬಂದರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಮನೆಯಲ್ಲಿ ತಾಯಿಯೋ ಅಕ್ಕನೋ ಅತ್ತೆಯೋ ಹೀಗೆ ಊತವನ್ನು ಮರೆಮಾಡಿಕೊಂಡಿದ್ದರೆ ಜೊತೆಗೆ ಹೋಗಿ. ರಿಪೋರ್ಟ್ ಹಾಳೆಯೊಂದನ್ನೇ ವೈದ್ಯರ ಕೈಗಿಟ್ಟು ಬರಬೇಡಿ; ರಾತ್ರಿ ಎಷ್ಟು ದಿಂಬು ಬೇಕಾಗುತ್ತದೆ, ಯಾವ ತುತ್ತು ಇಳಿಯುವುದಿಲ್ಲ, ದನಿ ಯಾವಾಗಿನಿಂದ ಬದಲಾಗಿದೆ ಎಂಬುದನ್ನು ಊತವಿರುವವರ ಬಾಯಿಂದಲೇ ಹೇಳಿಸಿ.