ಏರುಮಡಿಯೊಳಗೊಂದು ಪಾತಿ

ಗೃಹೋದ್ಯಾನದ ವಿಚಾರವಾಗಿ ಈ ಅಂಕಣದಲ್ಲಿ ಬರೆಯಬೇಕೆಂದು ರಾಜಾಜಿನಗರದ ಕೆಲವು ತಾಯಂದಿರು ಬಹುದಿನಗಳಿಂದ ಕೇಳುತ್ತಿದ್ದಾರೆ. ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸಿದವರೇ ಅವರಲ್ಲಿ ಹೆಚ್ಚು. ಮನೆಯ ಮುಂದೆಯೋ ಮಗ್ಗುಲಲ್ಲಿಯೋ ನಾಲ್ಕಾರು ಅಡಿ ನೆಲ ಉಳಿದಿದೆ. ಅಲ್ಲಿ ಇಟ್ಟಿಗೆಯ ಅಂಚು ಕಟ್ಟಿ, ಮಣ್ಣು ತುಂಬಿ, ಸೊಪ್ಪು ತರಕಾರಿಗಳನ್ನು ಬೆಳೆಯಬಹುದೇ ಎಂಬುದು ಅವರ ಪ್ರಶ್ನೆ. ಅವಶ್ಯವಾಗಿ ಬೆಳೆಯಬಹುದು. ಆದರೆ ಮಡಿಯನ್ನು ಎತ್ತರಿಸುವುದು ಏತಕ್ಕೆಂಬುದನ್ನು ಮೊದಲು ತಿಳಿದುಕೊಂಡರೆ ಮುಂದಿನ ಕೆಲಸ ಸುಗಮವಾಗುತ್ತದೆ.

ನಮ್ಮ ನಾಡಿನ ಒಕ್ಕಲಿಗೆ ಏರುಮಡಿ ಹೊಸದೇನಲ್ಲ. ಮಲೆನಾಡಿನವರು ಶುಂಠಿಯನ್ನು ಏರುಮಡಿಯಲ್ಲಿಯೇ ನೆಡುತ್ತಾರೆ. ಮಳೆಯ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಬಯಲುಸೀಮೆಯವರ ರೀತಿ ಇದಕ್ಕೆ ವಿರುದ್ಧವಾದುದು. ಅವರು ಸುತ್ತಲೂ ಬದು ಏರಿಸಿ, ನಡುವೆ ತಗ್ಗು ಬಿಟ್ಟು ಪಾತಿ ಮಾಡುತ್ತಾರೆ. ಮೊದಲನೆಯದು ನೀರನ್ನು ಹೊರಗೆ ಕಳುಹಿಸುವ ವಿದ್ಯೆ, ಎರಡನೆಯದು ನೀರನ್ನು ಉಳಿಸಿಕೊಳ್ಳುವ ವಿದ್ಯೆ. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಕಾಣುವ, ಜನವರಿಯಿಂದ ಮಾರ್ಚಿಯವರೆಗೆ ಬಹುಮಟ್ಟಿಗೆ ಒಣಗಿಯೇ ಇರುವ ಬೆಂಗಳೂರಿಗೆ ಪಾತಿಯೇ ಸಹಜವಾದ ಕ್ರಮ. ನಾನು ಮಠದಲ್ಲಿ ಓದುತ್ತಿದ್ದಾಗ ಹಿತ್ತಿಲಿನ ದಂಟಿನ ಪಾತಿಗಳಿಗೆ ಬಾವಿಯಿಂದ ನೀರು ಸೇದಿ ಹಾಕುವುದು ವಿದ್ಯಾರ್ಥಿಗಳ ಸರದಿಯ ಕೆಲಸವಾಗಿತ್ತು. ಏರುಮಡಿ ಎಂಬ ಮಾತೇ ಅಲ್ಲಿ ಕಿವಿಗೆ ಬೀಳಲಿಲ್ಲ.

ಹಾಗಿದ್ದರೂ ರಾಜಾಜಿನಗರದಲ್ಲಿ ಮಡಿಯನ್ನು ಎತ್ತರಿಸಬೇಕೆಂದೇ ನಾನು ಹೇಳುತ್ತೇನೆ. ಅದು ನೀರಿನ ಸಲುವಾಗಿ ಅಲ್ಲ, ಮಣ್ಣಿನ ಸಲುವಾಗಿ. 1949ರಲ್ಲಿ ಕೈಗಾರಿಕಾ ಉಪನಗರವಾಗಿ ಆರಂಭಗೊಂಡು, ಅಂದಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರ ಹೆಸರನ್ನು ಹೊತ್ತ ಬಡಾವಣೆ ಇದು. ಹಳೆಯ ಮನೆಗಳು ಉರುಳಿ ಹೊಸವು ಎದ್ದಿರುವ ನಿವೇಶನಗಳಲ್ಲಿ ಮೂಲದ ಕೆಮ್ಮಣ್ಣು ಅವಶೇಷಗಳ ಅಡಿಯಲ್ಲಿ ಹುದುಗಿಹೋಗಿರುತ್ತದೆ. ಮೇಲೆ ಕಾಣುವುದು ಗಾರೆಯ ಚೂರು, ಸಿಮೆಂಟಿನ ಪುಡಿ, ಒಡೆದ ಹೆಂಚು. ಸಿಮೆಂಟು, ಸುಣ್ಣ ಬೆರೆತ ಮಣ್ಣಿನಲ್ಲಿ ಕ್ಷಾರಗುಣ ಹೆಚ್ಚುತ್ತದೆ. ಗಿಡವು ಕಬ್ಬಿಣದ ಅಂಶವನ್ನು ಹೀರಲಾರದೆ ಎಲೆ ಹಳದಿಗೆ ತಿರುಗುತ್ತದೆ. ಇದಕ್ಕಿಂತಲೂ ಗಂಭೀರವಾದ ಸಂಗತಿ ಹಳೆಯ ಬಣ್ಣದ್ದು. ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ಕೇಂದ್ರದ ನಿಯಮ ಪ್ರಕಟವಾದುದು 2016ರಲ್ಲಿ. ಅದಕ್ಕೆ ಮೊದಲು ಬಳಿದ ಬಾಗಿಲು ಕಿಟಕಿಗಳ ಬಣ್ಣದ ಹಕ್ಕಳೆಗಳು ಕೆಡಹುವಾಗ ನೆಲಕ್ಕೆ ಉದುರಿ ಮಣ್ಣಿನಲ್ಲಿಯೇ ಉಳಿದಿರಬಹುದು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಕೇಡು. ಮೊಮ್ಮಕ್ಕಳ ತಟ್ಟೆಗೆ ಬೀಳುವ ಸೊಪ್ಪು ಮೂಲಂಗಿಗಳನ್ನು ಅಂಥ ನೆಲದಲ್ಲಿ ಬೆಳೆಯುವುದು ತರವಲ್ಲ.

ಆದುದರಿಂದ ಹೊರಗಿನಿಂದ ಒಳ್ಳೆಯ ಮಣ್ಣು ತಂದು ಒಂದು ಅಡಿ ಎತ್ತರದ ಮಡಿಯನ್ನು ಕಟ್ಟುವುದೇ ಕ್ಷೇಮ. ಎಂಟು ಅಡಿ ಉದ್ದ, ಮೂರು ಅಡಿ ಅಗಲ ಸಾಕು. ಎರಡೂ ಬದಿಯಿಂದ ಕೈ ನಡುವಿಗೆ ಎಟುಕಬೇಕು, ಮಡಿಯೊಳಗೆ ಕಾಲಿಡುವಂತಾಗಬಾರದು. ಗೋಡೆಗೆ ಒರಗಿದ್ದರೆ ಎರಡಡಿಗೇ ನಿಲ್ಲಿಸಿರಿ. ಕೆಡವಿದ ಮನೆಯ ಬಣ್ಣದ ಹಲಗೆಗಳನ್ನು ಅಂಚಿಗೆ ಬಳಸಬೇಡಿರಿ. ತಳದ ಅವಶೇಷವನ್ನು ಆದಷ್ಟು ತೆಗೆದುಹಾಕಿ, ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿ ತುಂಬಬೇಕು. ನಾರಿನ ಪುಡಿಯನ್ನು ಎರಡು ಮೂರು ನೀರಿನಲ್ಲಿ ತೊಳೆದು ಅದರ ಉಪ್ಪನ್ನು ಕಳೆಯುವುದು ಅಗತ್ಯ. ಎಲ್ಲಕ್ಕಿಂತ ಮುಖ್ಯವಾದ ಮಾತು ಇದು: ಮಣ್ಣನ್ನು ಅಂಚಿನವರೆಗೆ ಗೋಪುರದಂತೆ ಪೇರಿಸದೆ, ಎರಡು ಅಂಗುಲ ಕೆಳಗೆ, ನಡುವೆ ತುಸು ತಗ್ಗಾಗಿ ನಿಲ್ಲಿಸಬೇಕು. ಅಡಿಯಲ್ಲಿ ಇಟ್ಟಿಗೆಗಳ ನಡುವೆ ಅಲ್ಲಲ್ಲಿ ಸಂದು ಬಿಟ್ಟರೆ ಅತಿವೃಷ್ಟಿಯ ನೀರು ಹೊರಹೋಗುತ್ತದೆ. ಹೊರಗೆ ಏರುಮಡಿ, ಒಳಗೆ ಪಾತಿ.

ನೆಲವೇ ಇಲ್ಲದವರು ತಾರಸಿಯ ಮೇಲೆ ಇದನ್ನೇ ಮಾಡಬಹುದೇ ಎಂದರೆ, ಬೇಡವೆನ್ನುತ್ತೇನೆ. ನೆನೆದ ಮಣ್ಣು ಒಂದಡಿ ದಪ್ಪವಿದ್ದರೆ ಚದರ ಮೀಟರಿಗೆ 450 ಕಿಲೋಗ್ರಾಂ ಮೀರಿ ತೂಗುತ್ತದೆ. ಜನರು ಓಡಾಡುವ ತಾರಸಿಗೆ ಭಾರತೀಯ ಮಾನಕವು ಇರಿಸಿಕೊಂಡಿರುವ ಲೆಕ್ಕ ಚದರ ಮೀಟರಿಗೆ ಸುಮಾರು 150 ಕಿಲೋಗ್ರಾಂ ಮಾತ್ರ. ಹಳೆಯ ಮನೆಗಳಲ್ಲಂತೂ ಎಂಜಿನಿಯರರನ್ನು ಕೇಳದೆ ಮೇಲೆ ಮಡಿ ಕಟ್ಟಬಾರದು. ಹಗುರವಾದ ಚೀಲಗಳನ್ನು ಗೋಡೆ ತೊಲೆಗಳ ನೇರದಲ್ಲಿ ವಿರಳವಾಗಿ ಇರಿಸಿಕೊಳ್ಳುವುದು ಲೇಸು.

ಇನ್ನು ಬಿಸಿಲು. ತರಕಾರಿಗೆ ದಿನಕ್ಕೆ ಐದಾರು ಗಂಟೆಯ ಬಿಸಿಲು ಬೇಕು. ನೆರೆಯಲ್ಲಿ ಮೂರಂತಸ್ತಿನ ಮನೆಯಿದ್ದರೆ ಇದೇ ದುರ್ಲಭ. ಬೆಂಗಳೂರಿನಲ್ಲಿ ಏಪ್ರಿಲ್ 24 ಹಾಗೂ ಆಗಸ್ಟ್ 18ರ ಸುಮಾರಿಗೆ ಸೂರ್ಯನು ಮಧ್ಯಾಹ್ನ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಅವೆರಡರ ನಡುವಿನ ತಿಂಗಳುಗಳಲ್ಲಿ ಅವನು ನಡುಹಗಲಿನಲ್ಲಿ ಉತ್ತರಕ್ಕೆ, ಉಳಿದ ಕಾಲದಲ್ಲಿ ದಕ್ಷಿಣಕ್ಕೆ. ಬೇಸಗೆಯಲ್ಲಿ ಬಿಸಿಲು ಕಂಡ ಉತ್ತರದ ಮೂಲೆ ಡಿಸೆಂಬರಿನಲ್ಲಿ ಮನೆಯ ನೆರಳಿಗೆ ಸಿಲುಕಬಹುದು. ಇದನ್ನು ಗಮನಿಸಿಯೇ ಇಟ್ಟಿಗೆ ಜೋಡಿಸಿರಿ.

ಕಡೆಗೆ ನೀರಿನ ಮಾತು. 2024ರ ಮಾರ್ಚಿಯಲ್ಲಿ ಬರ ಬಿಗಿದಾಗ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಹಾಯಿಸುವುದನ್ನು ನಿಷೇಧಿಸಿ 5,000 ರೂಪಾಯಿಗಳ ದಂಡವನ್ನು ವಿಧಿಸಿತು. 2025ರ ಫೆಬ್ರವರಿಯಲ್ಲಿ ಅದೇ ಆಜ್ಞೆಯನ್ನು ಮತ್ತೆ ಹೊರಡಿಸಿತು. ಹಲವರು ಗೊಣಗಿದರು. ನನಗೆ ಅದು ಅನ್ಯಾಯವೆನಿಸಲಿಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ ಮೇಲೆತ್ತಿ ತಂದ ಕಾವೇರಿಯನ್ನು, ಒಂದು ಬೀದಿಗೆ ಕುಡಿಯಲು ಸಾಲದಿರುವಾಗ, ಇನ್ನೊಂದು ಬೀದಿಯ ಬದನೆಗೆ ಎರೆಯುವುದು ಒಪ್ಪುವ ಮಾತಲ್ಲ. ಮೇಲೆ ಹೇಳಿದ ಮಡಿಗೆ ಕಡುಬೇಸಗೆಯಲ್ಲಿಯೂ ದಿನಕ್ಕೆ ಹನ್ನೆರಡು ಲೀಟರು, ಎಂದರೆ ಒಂದು ಕೊಡ ನೀರು ಸಾಕು. ಅಕ್ಕಿ ಬೇಳೆ ತೊಳೆದ, ತರಕಾರಿ ಸೊಪ್ಪು ಜಾಲಿಸಿದ ನೀರನ್ನು ಒಂದು ಬಕೆಟ್ಟಿನಲ್ಲಿ ಕೂಡಿಸುತ್ತ ಬಂದರೆ ನಾಲ್ಕು ಜನರ ಮನೆಯಲ್ಲಿ ಅದರ ದೊಡ್ಡ ಪಾಲು ದೊರೆಯುತ್ತದೆ. ಸಾಬೂನಿನ ನೀರು ಬೇಡ. ಶುದ್ಧೀಕರಣ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಹೆಚ್ಚು. ಅದನ್ನು ನೆಲ ಒರೆಸಲು ಬಳಸಿರಿ. ಒಣಗಿದ ಎಲೆಗಳನ್ನು ಎರಡಂಗುಲ ಹೊದಿಸಿದರೆ ಆ ಒಂದು ಕೊಡವೂ ಪೂರ್ತಿ ಬೇಕಾಗದು. ಸಾವಿರ ಚದರ ಅಡಿಯ ತಾರಸಿಯ ಮೇಲೆ ವರ್ಷಕ್ಕೆ ಬೀಳುವ ಮಳೆ ಸುಮಾರು 90,000 ಲೀಟರು. ಅದರಲ್ಲಿ ಒಂದೆರಡು ಪೀಪಾಯಿಯಷ್ಟನ್ನಾದರೂ ಮುಚ್ಚಳ ಹಾಕಿ ಹಿಡಿದಿಡಬಹುದಲ್ಲವೇ?

ಪೂಜೆಗೆ ಬಿಲ್ವಪತ್ರೆಯನ್ನು ಈ ಮಡಿಯಲ್ಲಿಯೇ ಬೆಳೆಯಬಹುದೇ ಎಂದು ಒಬ್ಬ ತಾಯಿ ಕೇಳಿದ್ದಾರೆ. ಬಿಲ್ವವು ಗಿಡವಲ್ಲ, ದೊಡ್ಡ ಮರ. ಅದರ ಬೇರಿಗೆ ಒಂದಡಿ ಮಣ್ಣು ಏನೂ ಅಲ್ಲ. ಮಡಿಯಲ್ಲಿ ಮೊದಲು ಮೆಂತ್ಯ, ದಂಟು, ಹರಿವೆಗಳನ್ನು ಬಿತ್ತಿರಿ. ಮೆಂತ್ಯ ಮೂರು ನಾಲ್ಕು ವಾರಗಳಲ್ಲಿ ಕೈಗೆ ಬರುತ್ತದೆ, ಹೊಸ ಮಣ್ಣಿನ ಗುಣವೂ ಅದರಿಂದಲೇ ತಿಳಿಯುತ್ತದೆ. ಬೆಂಡೆ, ಮೆಣಸಿನಕಾಯಿಗಳು ಆಮೇಲೆ. ಆಗಸ್ಟಿನ ಹೊತ್ತಿಗೆ ಒಂದು ಅಂಚಿನಲ್ಲಿ ನಾಲ್ಕು ಅವರೆಬೀಜ ಊರಿ ಚಪ್ಪರಕ್ಕೆ ಹಬ್ಬಿಸಿದರೆ ಸಂಕ್ರಾಂತಿಯ ಹೊತ್ತಿಗೆ ಹಿತಕವರೆಯ ಸಾರಿಗೆ ಒಂದು ಹೊತ್ತಿನಷ್ಟು ಕಾಯಿ ಸಿಕ್ಕೀತು.