ಶಾಲೆಯ ಮಾಳಿಗೆಗೆ ಯಾವ ಗಾಳಿಯಂತ್ರ?

ಮಕ್ಕಳೇ, ಸಿಂಧನೂರಿನ ಕಡೆ ಅಕ್ಕಿ ಗಿರಣಿಗಳ, ಗೋದಾಮುಗಳ ತಗಡಿನ ಚಾವಣಿಯ ಮೇಲೆ ಕುಂಬಳಕಾಯಿ ಆಕಾರದ ಹೊಳೆಯುವ ಉಂಡೆಗಳು ಗಿರಗಿರನೆ ತಿರುಗುವುದನ್ನು ನೀವು ನೋಡಿರಬಹುದು. ಅವು ಕರೆಂಟು ತಯಾರಿಸುತ್ತವೆ ಎಂದು ಹಲವರು ತಿಳಿದಿದ್ದಾರೆ. ಹಾಗೇನೂ ಇಲ್ಲ. ಒಳಗಿನ ಬಿಸಿ ಗಾಳಿಯನ್ನು ಹೊರಗೆ ಹಾಕುವುದಷ್ಟೇ ಅವುಗಳ ಕೆಲಸ. ಆದರೂ ಅವುಗಳಲ್ಲಿ ಗಮನಿಸಬೇಕಾದ ಒಂದು ಗುಣವಿದೆ. ಗಾಳಿ ಪೂರ್ವದಿಂದ ಬೀಸಲಿ, ಪಶ್ಚಿಮದಿಂದ ಬೀಸಲಿ, ಅವು ಒಂದೇ ರೀತಿ ತಿರುಗುತ್ತವೆ. ಮುಖ ತಿರುಗಿಸಿಕೊಳ್ಳುವ ಕೆಲಸವೇ ಅವಕ್ಕಿಲ್ಲ. ಏಕೆ ಗೊತ್ತೇ? ಅವುಗಳ ಅಚ್ಚು ನೆಟ್ಟಗೆ ನಿಂತಿದೆ.

ಎತ್ತಿನ ಬಂಡಿಯ ಅಚ್ಚು ಅಡ್ಡಲಾಗಿ ಮಲಗಿರುತ್ತದೆ. ಗಾಲಿ ಅದರ ಮೇಲೆ ಉರುಳುತ್ತದೆ. ಅಜ್ಜಿಯ ಬೀಸುಕಲ್ಲಿನ ಗೂಟ ನೆಟ್ಟಗೆ ನಿಂತಿರುತ್ತದೆ. ಮೇಲಿನ ಕಲ್ಲು ಅದರ ಸುತ್ತ ತಿರುಗುತ್ತದೆ. ಗದಗಿನ ಕಪ್ಪತಗುಡ್ಡದಲ್ಲಿ, ಚಿತ್ರದುರ್ಗದ ಗುಡ್ಡಗಳಲ್ಲಿ ಕಾಣುವ ಮೂರು ರೆಕ್ಕೆಯ ದೊಡ್ಡ ಗಾಳಿಯಂತ್ರಗಳು ಬಂಡಿ ಗಾಲಿಯ ಜಾತಿಗೆ ಸೇರಿದವು. ಅವನ್ನು ಸಮತಲಾಕ್ಷ ಗಾಳಿಯಂತ್ರ ಎನ್ನುತ್ತಾರೆ. ಬೀಸುಕಲ್ಲಿನ ಜಾತಿಗೆ ಸೇರಿದವು ಲಂಬಾಕ್ಷ ಗಾಳಿಯಂತ್ರಗಳು. ಇಲ್ಲಿ ಸುಲಭವಾಗಿ ಅಡ್ಡ ಅಚ್ಚಿನದು, ನೆಟ್ಟ ಅಚ್ಚಿನದು ಎಂದು ಕರೆಯೋಣ.

ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ನೆಟ್ಟ ಅಚ್ಚಿನ ಮಾದರಿಗಳನ್ನು ಮಕ್ಕಳು ಪ್ರೀತಿಯಿಂದ ಮಾಡಿ ತರುತ್ತಾರೆ. ಪಕ್ಕದ ಚಾರ್ಟಿನ ಮೇಲೆ ಇಂಥ ಒಂದು ಸಾಲು ಇದ್ದೇ ಇರುತ್ತದೆ: ‘ಇದು ಎಲ್ಲ ದಿಕ್ಕಿನ ಗಾಳಿಯನ್ನು ಹಿಡಿಯುವುದರಿಂದ ಹೆಚ್ಚು ವಿದ್ಯುತ್ ಕೊಡುತ್ತದೆ.’ ಮಾರಾಟ ಮಾಡುವವರ ಜಾಹೀರಾತಿನಲ್ಲೂ ಹೆಚ್ಚುಕಡಿಮೆ ಇದೇ ಮಾತು. ಈ ವಾಕ್ಯದ ಮೊದಲರ್ಧ ನಿಜ, ಉಳಿದರ್ಧ ಸುಳ್ಳು. ಇದು ಬರೀ ಚಾರ್ಟಿನ ವಿಷಯವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಯಾರೋ ದಾನಿಗಳು ಮುಂದೆ ಬಂದು ಶಾಲೆಗೆ ಏನಾದರೂ ಕೊಡಿಸುತ್ತೇವೆ ಎಂದಾಗ ಎಸ್‌ಡಿಎಂಸಿ ಸಭೆಯಲ್ಲಿ ಇಂಥ ಯಂತ್ರದ ಮಾತು ಬರುವುದುಂಟು. ನಮ್ಮ ಶಾಲೆಗಳಿಗೆ ಅಂಥ ಹಣ ಪದೇ ಪದೇ ಬರುವುದಿಲ್ಲ. ನನ್ನ ಅಭಿಪ್ರಾಯ ಇಷ್ಟು: ದೀಪ ಹಚ್ಚಲೆಂದು ಮಾಳಿಗೆಯ ಮೇಲೆ ನೆಟ್ಟ ಅಚ್ಚಿನ ಗಾಳಿಯಂತ್ರ ಕೊಳ್ಳಬಾರದು. ಕಲಿಯಲೆಂದು ನಿಮ್ಮ ಕೈಯಾರೆ ಒಂದನ್ನು ಮಾಡಲೇಬೇಕು. ಕಾರಣಗಳನ್ನು ಹೇಳುತ್ತೇನೆ, ನೀವೇ ತೂಗಿ ನೋಡಿ.

ಮೊದಲು ಅದರ ಒಳ್ಳೆಯ ಗುಣಗಳು. ದಿಕ್ಕಿನ ಚಿಂತೆ ಅದಕ್ಕಿಲ್ಲ. ದೊಡ್ಡ ಮೂರು ರೆಕ್ಕೆಯ ಯಂತ್ರ ಗಾಳಿ ತಿರುಗಿದಂತೆಲ್ಲ ತನ್ನ ತಲೆಯನ್ನು ಮೋಟಾರಿನಿಂದ ತಿರುಗಿಸಿಕೊಳ್ಳಬೇಕು. ನೆಟ್ಟ ಅಚ್ಚಿನದರಲ್ಲಿ ವಿದ್ಯುಜ್ಜನಕ ಬುಡದಲ್ಲೇ ಕೂರುವುದರಿಂದ ರಿಪೇರಿಗೆ ಕಂಬ ಹತ್ತಬೇಕಾಗಿಲ್ಲ. ಫಿನ್ಲೆಂಡಿನ ಸವೋನಿಯಸ್ ಎಂಬುವರು 1920ರ ದಶಕದಲ್ಲಿ ರೂಪಿಸಿದ ಬಗೆಯಂತೂ ಬಹಳ ಸರಳ. ಒಂದು ಪೀಪಾಯಿಯನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ಇಂಗ್ಲಿಷಿನ ಎಸ್ ಅಕ್ಷರದಂತೆ ಕಂಬಕ್ಕೆ ಜೋಡಿಸಿದರೆ ಆಯಿತು. ಮೆಲ್ಲಗೆ ಬೀಸುವ ಗಾಳಿಗೂ ಅದು ತಿರುಗತೊಡಗುತ್ತದೆ.

ತೊಂದರೆ ಇರುವುದೂ ಅಲ್ಲೇ. ಒಂದು ಹೋಳಿನ ಹೊಟ್ಟೆಯನ್ನು ಗಾಳಿ ಮುಂದಕ್ಕೆ ತಳ್ಳುವಾಗ ಇನ್ನೊಂದು ಹೋಳು ಬೆನ್ನು ಕೊಟ್ಟು ಗಾಳಿಗೆ ಎದುರಾಗಿ ಬರಬೇಕು. ಎದುರುಗಾಳಿಯಲ್ಲಿ ಸೈಕಲ್ ತುಳಿದವರಿಗೆ ಆ ಕಷ್ಟ ಗೊತ್ತು. ಒಂದು ಕಡೆ ಗಳಿಸಿದ್ದರಲ್ಲಿ ಒಂದಿಷ್ಟನ್ನು ಇನ್ನೊಂದು ಕಡೆ ಕಳೆದುಕೊಂಡು, ಉಳಿದದ್ದರಲ್ಲಿ ಅದು ತಿರುಗುತ್ತದೆ.

ಹಳೆಯ ಕಾಲದ ಜನರಿಗೂ ಇದು ತಿಳಿದಿತ್ತು. ಇರಾನ್ ದೇಶದ ನಶ್ತಿಫಾನ್ ಎಂಬ ಊರಿನಲ್ಲಿ ಮಣ್ಣು ಮತ್ತು ಕಟ್ಟಿಗೆಯಿಂದ ಕಟ್ಟಿದ ಪುರಾತನ ಗಾಳಿಗಿರಣಿಗಳಿವೆ. ಹಿಟ್ಟು ಬೀಸಲೆಂದು ಕಟ್ಟಿದ ಅವುಗಳ ಅಚ್ಚೂ ನೆಟ್ಟಗೇ ಇದೆ. ಇಂಥ ಗಿರಣಿಗಳು ಆ ನಾಡಿನಲ್ಲಿ ಸಾವಿರ ವರ್ಷಕ್ಕೂ ಹಿಂದಿನಿಂದ ಇದ್ದವು. ಎದುರು ಬರುವ ಹಲಗೆಗಳಿಗೆ ಗಾಳಿ ತಾಗದಂತೆ ಅವರು ಅರ್ಧ ಭಾಗಕ್ಕೆ ಗೋಡೆ ಕಟ್ಟಿದರು. ಎಂಥ ಜಾಣತನ! ಆದರೆ ಗೋಡೆ ಕಟ್ಟಿದ ಮೇಲೆ ಎಲ್ಲ ದಿಕ್ಕಿನ ಗಾಳಿಯನ್ನು ಹಿಡಿಯುವ ಗುಣ ಹೋಯಿತು. ಅಲ್ಲಿ ಬೇಸಿಗೆಯ ಸುಮಾರು ನಾಲ್ಕು ತಿಂಗಳು ಒಂದೇ ದಿಕ್ಕಿನಿಂದ ಬಲವಾದ ಗಾಳಿ ಬೀಸುತ್ತದೆ. ‘120 ದಿನಗಳ ಗಾಳಿ’ ಎಂದೇ ಅದಕ್ಕೆ ಹೆಸರು. ಹಾಗಾಗಿ ಅವರಿಗೆ ನಡೆಯಿತು.

ಈಗ ಮೂರು ರೆಕ್ಕೆಯ ಯಂತ್ರದ ವಿಷಯಕ್ಕೆ ಬರೋಣ. ‘ಸಾರ್, ಮೂರೇ ರೆಕ್ಕೆ, ಅದೂ ಸಣ್ಣಗೆ. ನಡುವೆ ಇಷ್ಟು ಜಾಗ ಖಾಲಿ ಇದೆಯಲ್ಲ, ಗಾಳಿಯೆಲ್ಲ ಸುಮ್ಮನೆ ಹೋಗಿಬಿಡುವುದಿಲ್ಲವೇ?’ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಗಾಳಿಪಟವನ್ನು ನೆನಪಿಸಿಕೊಳ್ಳಿ. ಗಾಳಿ ಅದನ್ನು ಹಿಂದಕ್ಕೆ ತಳ್ಳುವುದಷ್ಟೇ ಅಲ್ಲ, ಮೇಲಕ್ಕೂ ಎತ್ತುತ್ತದೆ. ದೊಡ್ಡ ಯಂತ್ರದ ರೆಕ್ಕೆಗೆ ವಿಮಾನದ ರೆಕ್ಕೆಯ ಆಕಾರವಿರುತ್ತದೆ. ತಳ್ಳುವ ಬಲಕ್ಕಿಂತ ಈ ಎತ್ತುವ ಬಲದಿಂದಲೇ ಅದು ತಿರುಗುತ್ತದೆ. ತಳ್ಳಿಸಿಕೊಂಡು ತಿರುಗುವ ಪೀಪಾಯಿಯ ಅಂಚು ಗಾಳಿಗಿಂತ ಬಹಳ ವೇಗವಾಗಿ ಓಡಲಾರದು. ರೆಕ್ಕೆಯ ತುದಿಯಾದರೋ ಗಾಳಿಯ ಆರೇಳು ಪಟ್ಟು ವೇಗದಲ್ಲಿ ಓಡಬಲ್ಲದು.

ನಂಬಿಕೆ ಬರಲಿಲ್ಲವೇ? ಲೆಕ್ಕ ಮಾಡಿ. ರೆಕ್ಕೆಗಳು ಸುತ್ತುವ ವೃತ್ತದ ವ್ಯಾಸ 80 ಮೀಟರ್ ಇರಲಿ. ಸುತ್ತಳತೆ ಸುಮಾರು 250 ಮೀಟರ್. ಒಂದು ಸುತ್ತಿಗೆ 4 ಸೆಕೆಂಡು ಹಿಡಿದರೆ ತುದಿಯ ವೇಗ ಸೆಕೆಂಡಿಗೆ 62 ಮೀಟರಿಗೂ ಹೆಚ್ಚು. ಅಂದರೆ ಗಂಟೆಗೆ 225 ಕಿಲೋಮೀಟರ್! ದೂರದಿಂದ ನೋಡುವ ನಮಗೆ ಅದು ಸೋಮಾರಿಯಂತೆ ಕಾಣುತ್ತದೆ, ಅಷ್ಟೆ. ಇಷ್ಟು ಬೇಗ ಸುತ್ತುವ ಮೂರು ರೆಕ್ಕೆಗಳು ಇಡೀ ವೃತ್ತದಲ್ಲಿ ಹಾದುಹೋಗುವ ಗಾಳಿಯಿಂದ ಶಕ್ತಿ ಪಡೆಯುತ್ತವೆ.

ಹಾಗಾದರೆ ನೆಟ್ಟ ಅಚ್ಚಿಗೂ ವಿಮಾನದ ರೆಕ್ಕೆಯನ್ನೇ ಹಾಕಬಾರದೇಕೆ? ಫ್ರಾನ್ಸಿನ ಎಂಜಿನಿಯರ್ ದಾರ್ಯೂ 1920ರ ದಶಕದಲ್ಲೇ ಹಾಗೆ ಯೋಚಿಸಿದರು. ಬಿಲ್ಲಿನಂತೆ ಬಾಗಿದ ರೆಕ್ಕೆಗಳನ್ನು ಕಂಬದ ಮೇಲ್ತುದಿಗೂ ಬುಡಕ್ಕೂ ಸೇರಿಸಿದ ಯಂತ್ರ ಅವರದು. ಕೆನಡಾ ದೇಶದ ಕಾಪ್-ಶಾ ಎಂಬಲ್ಲಿ 1980ರ ದಶಕದಲ್ಲಿ ಇದೇ ಬಗೆಯ 110 ಮೀಟರ್ ಎತ್ತರದ ಭಾರಿ ಯಂತ್ರವನ್ನು ನಿಲ್ಲಿಸಿದರು. ‘ಎಯೋಲ್’ ಎಂದು ಅದಕ್ಕೆ ಹೆಸರಿಟ್ಟರು. ಯಂತ್ರದ ಭಾರವೆಲ್ಲ ಬುಡದ ಬೇರಿಂಗಿನ ಮೇಲೆ ಬೀಳುತ್ತಿತ್ತು. ಆ ಬೇರಿಂಗು ಕೆಟ್ಟು, 1993ರಲ್ಲಿ ಯಂತ್ರ ನಿಂತಿತು. ಈ ಬಗೆಯ ಯಂತ್ರಗಳಿಗೆ ಇನ್ನೊಂದು ಕಾಟವಿದೆ. ಪ್ರತಿ ಸುತ್ತಿನಲ್ಲೂ ರೆಕ್ಕೆಯ ಮೇಲಿನ ಬಲ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬದಲಾಗುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತಲೇ ಇದ್ದರೆ ಕೊನೆಗೆ ತುಂಡಾಗುತ್ತದಲ್ಲ, ಲೋಹದ ರೆಕ್ಕೆಯೂ ಹಾಗೆಯೇ ದಣಿಯುತ್ತದೆ. ಜೊತೆಗೆ ದಾರ್ಯೂ ಯಂತ್ರ ತಾನಾಗಿ ಹೊರಡುವುದಕ್ಕೂ ತಕರಾರು ಮಾಡುತ್ತದೆ.

ಗಾಳಿಯಲ್ಲಿರುವ ಶಕ್ತಿಯನ್ನೆಲ್ಲ ಯಾವ ಯಂತ್ರವೂ ಹೀರಲಾರದು. ಪೂರ್ತಿ ಹೀರಿದರೆ ಗಾಳಿ ಅಲ್ಲೇ ನಿಂತುಬಿಡಬೇಕು. ಆಗ ಹಿಂದಿನಿಂದ ಬರುವ ಗಾಳಿಗೆ ದಾರಿ ಎಲ್ಲಿ? ನೂರರಲ್ಲಿ 59 ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ ಮಿತಿ ಎಂದು ಜರ್ಮನಿಯ ಬೆಟ್ಜ್ ಸುಮಾರು ನೂರು ವರ್ಷಗಳ ಹಿಂದೆ ಲೆಕ್ಕ ಹಾಕಿ ತೋರಿಸಿದರು. ಒಳ್ಳೆಯ ಮೂರು ರೆಕ್ಕೆಯ ಯಂತ್ರ ನೂರಕ್ಕೆ 40ರಿಂದ 45 ಪಾಲು ಪಡೆಯುತ್ತದೆ. ಪೀಪಾಯಿ ಯಂತ್ರಕ್ಕೆ 15 ಪಾಲು ಸಿಕ್ಕರೆ ಹೆಚ್ಚು ಅನ್ನಬೇಕು.

ಅದಕ್ಕಿಂತಲೂ ದೊಡ್ಡ ಅಂತರ ಎತ್ತರದ್ದು ಮತ್ತು ಗಾತ್ರದ್ದು. ಮೊದಲು ಕಣದಲ್ಲಿ ಜೋಳದ ರಾಶಿ ತೂರುವಾಗ ನಮ್ಮ ರೈತರು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಎತ್ತರದ ಮೆಟ್ಟಿನ ಮೇಲೆ ನಿಂತು, ಗಾಳಿ ನೋಡಿ ಮರದಿಂದ ಕಾಳು ಸುರಿಯುತ್ತಿದ್ದರು. ನೆಲದ ಹತ್ತಿರ ಗಿಡ, ಗೋಡೆ, ಬಣವೆಗಳು ಗಾಳಿಯನ್ನು ತಡೆದು ಕದಡುತ್ತವೆ, ಮೇಲಕ್ಕೆ ಹೋದಂತೆ ಅದು ವೇಗವಾಗಿ, ಒಂದೇ ಸಮನೆ ಬೀಸುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ದೊಡ್ಡ ಯಂತ್ರಗಳು ಗುಡ್ಡದ ಮೇಲೆ, ಅದರ ಮೇಲೂ ಎತ್ತರದ ಕಂಬದ ತುದಿಯಲ್ಲಿ ಇರುವುದು ಇದಕ್ಕೇ. 80 ಮೀಟರ್ ವ್ಯಾಸದ ವೃತ್ತದ ವಿಸ್ತೀರ್ಣ 5,000 ಚದರ ಮೀಟರಿಗೂ ಹೆಚ್ಚು. ಅಂದರೆ ಒಂದೂಕಾಲು ಎಕರೆ ಗದ್ದೆಯನ್ನು ಎತ್ತಿ ಆಕಾಶದಲ್ಲಿ ಗಾಳಿಗೆ ಅಡ್ಡ ಹಿಡಿದಂತೆ. ಶಾಲೆಯ ಮಾಳಿಗೆಯ ಪೀಪಾಯಿಗೆ ಸಿಗುವುದು ಒಂದು ಚದರ ಮೀಟರ್.

ಇಷ್ಟು ಹೇಳಿದೆನೆಂದು ನೆಟ್ಟ ಅಚ್ಚನ್ನು ತಮಾಷೆ ಮಾಡಬೇಡಿ. ನಮ್ಮ ರಾಜ್ಯದಲ್ಲೇ ಅದರ ಮೇಲೆ ಒಳ್ಳೆಯ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳಾದ ಎಸ್. ಪಿ. ಗೋವಿಂದರಾಜು ಮತ್ತು ರೊದ್ದಂ ನರಸಿಂಹ ಅವರು ಸವೋನಿಯಸ್ ಬಗೆಯ, ಆದರೆ ತಗಡಿನ ಬದಲು ಹಾಯಿಗಳಿರುವ, ಕಡಿಮೆ ಖರ್ಚಿನ ಗಾಳಿಯಂತ್ರವೊಂದನ್ನು ಕುರಿತು 1979ರಲ್ಲಿ ಪ್ರಬಂಧ ಪ್ರಕಟಿಸಿದರು. ರೊದ್ದಂ ನರಸಿಂಹ ಅವರು ವಿಮಾನ ವಿಜ್ಞಾನದಲ್ಲಿ ದೇಶದಲ್ಲೇ ಹೆಸರಾದವರು. ಅಂಥವರು ಪೀಪಾಯಿ ಯಂತ್ರದ ಬಗೆಗೆ ತಲೆ ಕೆಡಿಸಿಕೊಂಡದ್ದು ಏಕೆ? ಅವರ ಯಂತ್ರ ದೀಪ ಹಚ್ಚಲು ಅಲ್ಲ, ನೀರೆತ್ತಲು. ಕರೆಂಟು ತಯಾರಿಸಲು ವೇಗದ ತಿರುಗಾಟ ಬೇಕು. ಪಂಪಿನ ದಂಡ ಎತ್ತಲು ವೇಗ ಬೇಡ, ನಿಧಾನವಾದರೂ ಗಟ್ಟಿ ಬಲ ಬೇಕು. ಅಂಥ ಬಲ ಸವೋನಿಯಸ್‌ಗೆ ಇದೆ. ನಯವಾಗಿ ತಿದ್ದಿದ ರೆಕ್ಕೆಗಳೂ ಅದಕ್ಕೆ ಬೇಡ. ಮುಂದೆ ವಿದ್ಯುತ್ ಪಂಪ್‌ಸೆಟ್ಟುಗಳು ಎಲ್ಲೆಡೆ ಬಂದವು, ನೀರೆತ್ತುವ ಗಾಳಿಯಂತ್ರಗಳನ್ನು ಕೇಳುವವರು ಕಡಿಮೆಯಾದರು. ಕೆಲಸ ನೋಡಿ ಯಂತ್ರ ಆರಿಸಬೇಕೆಂಬ ಅವರ ದಾರಿ ಮಾತ್ರ ಇವತ್ತಿಗೂ ಸರಿ.

ನಮ್ಮ ಕೆಲಸ ಶಾಲೆಗೆ ಬೆಳಕು, ಫ್ಯಾನು, ಕಂಪ್ಯೂಟರು. ಅದಕ್ಕೆ ಲೆಕ್ಕ ಹಾಕೋಣ. ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಬರೆದು, ಆ ಸಂಖ್ಯೆಯನ್ನು ಮೂರು ಸಲ ಇಟ್ಟು ಗುಣಿಸಿ, ಬಂದದ್ದನ್ನು 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿನಲ್ಲಿ ಹಾದುಹೋಗುವ ಗಾಳಿಯ ಶಕ್ತಿ ವ್ಯಾಟ್‌ಗಳಲ್ಲಿ ಸಿಗುತ್ತದೆ. ವೇಗ 4 ಇದ್ದರೆ 4×4×4=64, ಅದರ 0.6 ಪಟ್ಟು 38 ವ್ಯಾಟ್. ನೂರಕ್ಕೆ 15ರಂತೆ ಪೀಪಾಯಿಯ ಪಾಲಿಗೆ ಬರುವುದು 6 ವ್ಯಾಟಿಗೂ ಕಡಿಮೆ. ಒಂದು 9 ವ್ಯಾಟಿನ ಎಲ್‌ಇಡಿ ಬಲ್ಬಿಗೂ ಸಾಲದು! ವೇಗ 8 ಆದರೆ 46 ವ್ಯಾಟ್ ಸಿಗುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟಾಗುವುದನ್ನು ಗಮನಿಸಿದಿರಾ? ಆದರೆ ಬೇವಿನ ಮರ, ನೀರಿನ ಟ್ಯಾಂಕು, ಅಕ್ಕಪಕ್ಕದ ಮನೆಗಳ ನಡುವಿನ ಮಾಳಿಗೆಯ ಮೇಲೆ ಸದಾ 8ರ ಗಾಳಿ ಎಲ್ಲಿಂದ ಬರಬೇಕು?

ಇನ್ನು ಬಿಸಿಲು. ಲಿಂಗಸೂಗೂರು, ಮಸ್ಕಿ, ಸಿಂಧನೂರಿನವರಿಗೆ ಬಿಸಿಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ನಡು ಮಧ್ಯಾಹ್ನ ಒಂದು ಚದರ ಮೀಟರಿನ ಮೇಲೆ ಸುಮಾರು 1,000 ವ್ಯಾಟ್ ಬಿಸಿಲು ಬೀಳುತ್ತದೆ. ಈಗಿನ ಸೌರಫಲಕ ಅದರಲ್ಲಿ ಐದನೆಯ ಒಂದು ಪಾಲನ್ನು, ಅಂದರೆ 200 ವ್ಯಾಟಿನಷ್ಟನ್ನು, ವಿದ್ಯುತ್ ಮಾಡಬಲ್ಲದು. ತಿರುಗುವ ಭಾಗವಿಲ್ಲ, ಬೇರಿಂಗಿಲ್ಲ. ಧೂಳು ಒರೆಸುತ್ತಿರಬೇಕು, ಅದು ನಮ್ಮಲ್ಲಿ ಸಾಕಷ್ಟಿದೆ. ದಾನಿಗಳು ಬಂದರೆ ಸೌರಫಲಕವನ್ನೇ ಕೇಳಿ ಎನ್ನುವುದು ನನ್ನ ಸಲಹೆ.

‘ಮಳೆಗಾಲದಲ್ಲಿ ಮೋಡ, ರಾತ್ರಿ ಕತ್ತಲೆ, ಆಗ ಗಾಳಿಯೇ ಮೇಲಲ್ಲವೇ?’ ಎಂದು ಯಾರಾದರೂ ಎದುರು ವಾದಿಸಿದರೆ ಅವರ ಮಾತಿನಲ್ಲೂ ಅರ್ಥವಿದೆ. ಆಷಾಢದ ಗಾಳಿ ಬೀಸುವ ತಿಂಗಳಲ್ಲೇ ಬಿಸಿಲು ಕಡಿಮೆ. ಆದರೆ ಆ ಗಾಳಿಯನ್ನು ಹಿಡಿಯುವ ಕೆಲಸವನ್ನು ಗುಡ್ಡದ ಮೇಲಿನ ದೊಡ್ಡ ಯಂತ್ರಗಳು ಚೆನ್ನಾಗಿ ಮಾಡುತ್ತವೆ. ಅವುಗಳ ವಿದ್ಯುತ್ತು ರಾಜ್ಯದ ತಂತಿಜಾಲಕ್ಕೆ ಸೇರುತ್ತದೆ. ನಮ್ಮದೇ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ತಯಾರಿಸುವ ವಿದ್ಯುತ್ತೂ ಸೇರುವುದು ಅಲ್ಲಿಗೇ. ಗಾಳಿಯ ಪಾಲು ಹೆಚ್ಚಿದಷ್ಟೂ ಕಲ್ಲಿದ್ದಲು ಉಳಿಯುತ್ತದೆ. ಸಮುದ್ರದಲ್ಲಿ ತೇಲುವ ಗಾಳಿಯಂತ್ರಗಳಿಗೆ ನೆಟ್ಟ ಅಚ್ಚೇ ವಾಸಿ ಎಂದು ಕೆಲವು ವಿಜ್ಞಾನಿಗಳು ಪ್ರಯತ್ನ ನಡೆಸಿದ್ದಾರೆ, ಭಾರವೆಲ್ಲ ಕೆಳಗಿದ್ದರೆ ತೇಲುವ ಯಂತ್ರ ಬೇಗ ಮಗುಚುವುದಿಲ್ಲವಲ್ಲ. ಮಸ್ಕಿಗೆ ಸಮುದ್ರ ಬಹಳ ದೂರ.

ಇನ್ನು ನೀವು ಮಾಡಬೇಕಾದ ಯಂತ್ರ. ಬಿಸಿಯೂಟದ ಅಡುಗೆ ಕೋಣೆಯಿಂದ ಖಾಲಿಯಾದ ಒಂದು ಪ್ಲಾಸ್ಟಿಕ್ ಎಣ್ಣೆ ಡಬ್ಬಿ ಕೇಳಿ ಪಡೆಯಿರಿ. ಗದ್ದೆಯ ಬದುವಿನಲ್ಲಿ ಬಿದ್ದಿರುವ ಕ್ರಿಮಿನಾಶಕದ ಡಬ್ಬಿಯನ್ನು ಮಾತ್ರ ಮುಟ್ಟಲೇಬೇಡಿ, ತೊಳೆದರೂ ಅದರಲ್ಲಿ ವಿಷ ಉಳಿದಿರುತ್ತದೆ. ಡಬ್ಬಿಯನ್ನು ಉದ್ದಕ್ಕೆ ಎರಡು ಹೋಳು ಮಾಡುವ ಕೆಲಸ ಶಿಕ್ಷಕರದು. ಹೋಳುಗಳನ್ನು ಎದುರುಬದುರು ಮುಖ ಮಾಡಿ ಒಂದು ಹಲಗೆಗೆ ಜೋಡಿಸಿ, ಹಳೆಯ ಸೈಕಲ್ಲಿನ ಮುಂಗಾಲಿಯ ಹಬ್ಬಿನ ಮೇಲೆ ನೆಟ್ಟಗೆ ಕೂರಿಸಿ. ಎಣಿಸಲು ಗುರುತು ಸಿಗುವಂತೆ ಒಂದು ಹೋಳಿಗೆ ಕೆಂಪು ಬಣ್ಣ ಬಳಿಯಿರಿ. ಮೃಗಶಿರಾ ಮಳೆ ಹುಟ್ಟುವ ಹೊತ್ತಿಗೆ ಯಂತ್ರ ಸಿದ್ಧವಾಗಿರಲಿ. ಬೆಳಿಗ್ಗೆ 10 ಗಂಟೆಗೆ ಮತ್ತು ಸಂಜೆ 4 ಗಂಟೆಗೆ, ಒಂದು ನಿಮಿಷದಲ್ಲಿ ಎಷ್ಟು ಸುತ್ತು ಎಂದು ಎಣಿಸಿ ತಾರೀಖಿನೊಡನೆ ಬರೆದಿಡಿ. ಒಂದು ವಾರ ಅಂಗಳದಲ್ಲಿ, ಇನ್ನೊಂದು ವಾರ ಮಾಳಿಗೆಯ ಮೇಲೆ ಇಟ್ಟು ನೋಡಿ. ಮಸ್ಕಿಯ ಮಕ್ಕಳು ಶಿಕ್ಷಕರೊಡನೆ ಊರ ಗುಡ್ಡದ ಮೇಲಕ್ಕೂ ಒಯ್ಯಬಹುದು. ಸಿಂಧನೂರಿನವರಿಗೆ ಗುಡ್ಡದ ಬದಲು ಬಯಲು ಗದ್ದೆ ಇದೆ. ಒಂದು ಕಡೆಯ ಎಣಿಕೆ ಇನ್ನೊಂದು ಕಡೆಯ ಅರ್ಧ ಬಂದರೆ ಅಲ್ಲಿ ಗಾಳಿಯ ವೇಗವೂ ಸುಮಾರು ಅರ್ಧ, ಶಕ್ತಿಯಾದರೋ ಎಂಟನೆಯ ಒಂದು ಪಾಲು. ಮೂರು ತಿಂಗಳ ಎಣಿಕೆಯನ್ನು ಗ್ರಾಫ್ ಹಾಳೆಯ ಮೇಲೆ ಬರೆದು ಶಾಲೆಯ ಗೋಡೆಗೆ ತೂಗುಹಾಕಿ. ಗಾಳಿಯಂತ್ರ ಮಾರುವವರು ಬಂದ ದಿನ ಅವರಿಗೆ ಮೊದಲು ಅದನ್ನು ತೋರಿಸಿ.