ಕೈ ಕಡಿದುಕೊಂಡವನು, ಕೆರ ಹೊಲಿದವನು

ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡು, ಬೇಲೂರು ನೋಡಲು ಬರುವವರಿಗೆಲ್ಲ ಒಂದು ಕತೆ ಹೇಳ್ತಾರೆ. ಜಕಣಾಚಾರಿ ಆರಿಸಿದ ಕಲ್ಲಿನಲ್ಲಿ ದೋಷ ಇದೆ ಅಂದ ಒಬ್ಬ ಹುಡುಗ. ಒಡೆದು ನೋಡಿದರೆ ಒಳಗೆ ಕಪ್ಪೆ. ಆಡಿದ ಮಾತಿಗೆ ತಪ್ಪದೆ ಜಕಣಾಚಾರಿ ತನ್ನ ಬಲಗೈ ಕಡಿದುಕೊಂಡ. ಆ ಹುಡುಗ ತನ್ನ ಮಗ ಡಂಕಣನೇ ಅಂತ ಆಮೇಲೆ ಗೊತ್ತಾಯ್ತು. ಕೇಳಿದವರ ಕಣ್ಣು ಒದ್ದೆ. (ಬೇಲೂರಿನ ಕಲ್ಲಿನ ಮೇಲೆ ನಿಜಕ್ಕೂ ರುಜು ಹಾಕಿದ ಅಪ್ಪ-ಮಗ ಬೇರೆ: ಬಳ್ಳಿಗಾವೆಯ ದಾಸೋಜ, ಚಾವಣ. ಅವರಿಗೆ ಅಳುವವರಿಲ್ಲ.)

ನಮಗೆ ಜಕಣಾಚಾರಿಯ ಮೇಲೆ ಜಗಳವಿಲ್ಲ. ತನ್ನ ತಪ್ಪಿಗೆ ತನ್ನ ಕೈಯನ್ನೇ ತೆತ್ತ. ನಮ್ಮ ಜಗಳ ಈ ಕತೆಗೆ ಅಳುವವರ ಮೇಲೆ. ಕೈದಾಳದಲ್ಲಿ ಗುಡಿ ಕಟ್ಟಿದ ಮೇಲೆ ಅವನ ಕೈ ವಾಪಸ್ ಬಂತು ಅನ್ನುವಲ್ಲಿಗೆ ಇವರ ಮನಸ್ಸು ಹಗುರ. ಪಶ್ಚಾತ್ತಾಪಪಟ್ಟ, ಕೈ ಬಂತು, ಲೆಕ್ಕ ಚುಕ್ತಾ. ಏಕಲವ್ಯನ ಹೆಬ್ಬೆರಳು ಯಾವ ಗುಡಿ ಕಟ್ಟಿದರೂ ವಾಪಸ್ ಬರಲಿಲ್ಲವಲ್ಲ, ಸ್ವಾಮಿ?

ಸೃಷ್ಟಿಸಿದವನ ತಪ್ಪಿನ ಇನ್ನೊಂದು ಕತೆ 1818ರಲ್ಲಿ ಇಂಗ್ಲೆಂಡಿನ ಮೇರಿ ಶೆಲ್ಲಿ ಬರೆದ ‘ಫ್ರಾಂಕನ್‌ಸ್ಟೈನ್’. ದೆವ್ವದ ಕತೆ ಅಂತ ಹೆಸರಾಗಿದೆ. ನಮಗೆ ಹಾಗೆ ಕಾಣಲಿಲ್ಲ. ವಿಕ್ಟರ್ ಎಂಬ ಓದಿದ ಯುವಕ ಹೆಣಗಳ ಅಂಗಾಂಗ ಜೋಡಿಸಿ ಒಂದು ಜೀವ ಮಾಡ್ತಾನೆ. ಅದು ಕಣ್ಣು ಬಿಟ್ಟ ಕೂಡಲೆ ಹೇಸಿ ಓಡಿಹೋಗ್ತಾನೆ. ಒಂದು ಹೆಸರನ್ನೂ ಇಡಲಿಲ್ಲ. ಆ ಜೀವ ಒಂದು ಮನೆಯ ಪಕ್ಕದ ಗೂಡಿನಲ್ಲಿ ಅವಿತುಕೊಂಡು, ಗೋಡೆಯ ಸಂದಿನಿಂದ ಒಳಗಿನ ಪಾಠ ಕೇಳಿಕೊಂಡೇ ಮಾತು ಕಲೀತದೆ. ಶಾಲೆಯ ಜಗಲಿಯಾಚೆ ಕೂತು ಮಗ್ಗಿ ಕಲಿತವರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕೆ? ಒಂದು ದಿನ ಆ ಮನೆಯೊಳಕ್ಕೆ ಕಾಲಿಟ್ಟಿತು. ಹೊಡೆದರು.

ಆಮೇಲೆ ಅದು ಕೊಲೆಗಿಳಿಯಿತು. ಕೊಲೆಯನ್ನು ನಾವು ಹೊಗಳುವುದಿಲ್ಲ. ಆದರೆ ನೋಡಿ, ವಿಕ್ಟರನ ಪುಟ್ಟ ತಮ್ಮನನ್ನು ಕೊಂದ ಆಪಾದನೆ ಬಂದದ್ದು ಮನೆಕೆಲಸದ ಜಸ್ಟೀನಳ ಮೇಲೆ. ಕೊಂದವರು ಯಾರೆಂದು ವಿಕ್ಟರನಿಗೆ ಗೊತ್ತಿತ್ತು. ಹೇಳಿದರೆ ಹುಚ್ಚ ಅಂತಾರೆ ಅಂತ ಸುಮ್ಮನಿದ್ದ. ಹುಡುಗಿ ನೇಣಿಗೆ ಹೋದಳು. ಅವನೋ ಪುಟಗಟ್ಟಲೆ ಕೊರಗಿದ. ಸಾಯುವಾಗ ಮಾತ್ರ, ತನ್ನ ಹಿಂದಿನ ನಡತೆಯಲ್ಲಿ ತಪ್ಪೇನೂ ಕಾಣಲಿಲ್ಲ ಅಂದ.

ಇವನನ್ನು ನಾವು ಬಲ್ಲೆವು. ವಿಚಾರ ಸಂಕಿರಣದ ಮುಂದಿನ ಸಾಲಲ್ಲಿ ಕೂತಿರ್ತಾನೆ. ನಮ್ಮ ಪದ್ಯ ಕೇಳಿ ಕಣ್ಣೊರೆಸಿಕೊಳ್ತಾನೆ. ‘ನಮ್ಮ ಹಿರೀಕರು ಪಾಪ ಮಾಡಿದರು’ ಅಂತಾನೆ. ಕೇರಿಯವನನ್ನು ನಡುಮನೆಗೆ ಕರೆಯೋ ಮಾತು ಬಂದರೆ, ‘ಅಮ್ಮನಿಗೆ ವಯಸ್ಸಾಗಿದೆ ಕಣಯ್ಯ’ ಅಂತಾನೆ. ಕೊರಗು ಅವನ ಸ್ವಂತ ಆಸ್ತಿ. ಹೊಣೆ ಮಾತ್ರ ಸತ್ತುಹೋದ ಹಿರೀಕರದು.

ಬೇಲೂರಿಗೇ ವಾಪಸ್ ಬರೋಣ. ಚೆನ್ನಕೇಶವ ಬಾಬಾಬುಡನ್ ಗಿರಿಗೆ ದೇವಿಯನ್ನು ನೋಡಲು ಹೋಗಿಬರ್ತಾನಂತೆ. ಕೆರ ಸವೆದರೆ ಚನ್ನಗಿರಿ, ಬಸವಾಪಟ್ಟಣದ ಚಮ್ಮಾರರ ಕನಸಿಗೆ ಬರ್ತಾನಂತೆ. ಅವರು ಹೊಸ ಜೋಡು ಹೊಲಿದು ತರಬೇಕು. ಒಪ್ಪಿಸುವುದಕ್ಕೆ ಗುಡಿಯ ಅಂಗಳದವರೆಗೆ ಬಿಡ್ತಿದ್ದರು. ರೈಸ್ ಸಾಹೇಬ ತನ್ನ ಮೈಸೂರು ಗೆಜೆಟಿಯರಿನಲ್ಲಿ ಇದನ್ನು ಬರೆದಿಟ್ಟಿದ್ದಾನೆ. ನಮ್ಮವರ ಕನಸಿನೊಳಕ್ಕೆ ಬರಲು ದೇವರಿಗೆ ಮೈಲಿಗೆ ತಟ್ಟಲಿಲ್ಲ. ಕೆರ ಒಳಗೆ ಹೋಯ್ತು. ಹೊಲಿದವನು ಅಂಗಳದಲ್ಲೇ ನಿಂತ.

1950ರಲ್ಲಿ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 2023ರಲ್ಲಿ ಬೇಲೂರು, ಹಳೇಬೀಡಿನ ಗುಡಿಗಳು ಯುನೆಸ್ಕೋ ಪಟ್ಟಿ ಸೇರಿ ಜಗತ್ತಿನ ಸ್ವತ್ತಾದವು. ಈ ನಡುವೆ, 2015ರಲ್ಲಿ, ಇದೇ ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ, ಗುಡಿಯೊಳಕ್ಕೆ ಹೋದರೆಂದು ದಲಿತ ಹೆಣ್ಣುಮಕ್ಕಳಿಗೆ ದಂಡ ಹಾಕಿದರು. ಆವತ್ತು ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತವರು ಯಾರ್ಯಾರು? ಮೊದಲು ಎದ್ದು ನಿಂತು ಹೆಸರು ಹೇಳಲಿ. ಕೊರಗುವುದು ಆಮೇಲಾಗಲಿ.